ಓನರ್ ಒಪ್ಪುವ ನಾಯಿ

ಬಾಡಿಗೆ ಮನೆಯಲ್ಲಿರುವವರು ಆಸೆಯನ್ನೂ ಮೆಲುದನಿಯಲ್ಲೇ ಪಡಬೇಕು. ಚಾಮರಾಜಪೇಟೆಯ ಮಹಡಿ ಮನೆಯೊಂದರಲ್ಲಿ ಒಬ್ಬಳೇ ಇದ್ದ ಕಾಲದಲ್ಲಿ ನಾನಿದನ್ನು ಕಲಿತೆ. ಕೆಳಗಡೆ ಓನರ್ ಶ್ರೀಕಂಠಯ್ಯನವರು. ರಿಟೈರಾದ ಮೇಲೆ ಅವರ ಕಿವಿಗೆ ಹರೆಯ ಬಂದಿತ್ತು. ನನ್ನ ಕುಕ್ಕರ್ ಎರಡನೇ ಸೀಟಿ ಹಾಕುವಷ್ಟರಲ್ಲಿ "ಮೇಡಂ, ಸ್ವಲ್ಪ ನಿಧಾನ!" ಎಂದು ಕೂಗುವರು. ಹೀಗಾಗಿ ಆ ಮನೆಯಲ್ಲಿ ನಾನು ತಿಂದ ಬೇಳೆಯೆಲ್ಲ ಅರೆಬೆಂದದ್ದೇ. ಅಂಥ ಕಡೆ ಇದ್ದುಕೊಂಡು ನನಗೆ ನಾಯಿ ಸಾಕಬೇಕೆನ್ನಿಸಿತು. ಹುಚ್ಚೇ ಸರಿ. ಆದರೆ ದಿನವಿಡೀ ಸ್ಕೂಲಿನಲ್ಲಿ ಮಕ್ಕಳ ಗಲಾಟೆಯ ನಡುವೆ ಪಾಠ ಹೇಳಿ, ಸಂಜೆ ಬಂದು ಬೀಗ ತೆಗೆದರೆ ಒಳಗಿಂದ ಯಾರೂ ಓಡಿಬರುವುದಿಲ್ಲವಲ್ಲ, ಆ ಒಂದು ಗಳಿಗೆ ನನಗೆ ಬಹಳ ಕಷ್ಟವಾಗುತ್ತಿತ್ತು.

ಸರಿ, ಬೊಗಳದ ಜಾತಿ ಯಾವುದು? ಅವೆನ್ಯೂ ರಸ್ತೆಯಲ್ಲಿ ನಾಯಿಗಳ ಮೇಲಿನ ಹಳೇ ಪುಸ್ತಕವೊಂದನ್ನು ಕೊಂಡು, ಉತ್ತರಪತ್ರಿಕೆ ತಿದ್ದುವುದನ್ನೂ ಬಿಟ್ಟು ಓದಿದೆ. ಆಗೆಲ್ಲ ನಮ್ಮ ಕಡೆ ಮನೆಗೊಂದು ಪಾಮೇರಿಯನ್. ಅದು ಪೋಸ್ಟ್‌ಮ್ಯಾನ್ ಬಂದರೂ ಬೊಗಳುತ್ತದೆ, ಬರದಿದ್ದರೂ ಬೊಗಳುತ್ತದೆ. ಡ್ಯಾಶ್‌ಹಂಡ್ ನೋಡಲು ಗೇಣುದ್ದ, ಗಂಟಲು ಮಾರುದ್ದ. ಅಲ್ಸೇಷನ್ ಒಮ್ಮೆ ಬಾಯಿ ಬಿಟ್ಟರೆ ನಾನು ಸಾಮಾನು ಕಟ್ಟುವುದೊಂದೇ ಬಾಕಿ. ಆಫ್ರಿಕಾದಲ್ಲಿ ಬೊಗಳದ ಜಾತಿಯೊಂದಿದೆಯಂತೆ. ನಾಯಿಮರಿ ಮಾರುವವನೊಬ್ಬನನ್ನು ಅದಕ್ಕಾಗಿ ಕೇಳಿದೆ. "ಬೊಗಳಬಾರ್ದಾ? ಮೊಲ ತಗೊಂಡ್ಹೋಗಿ ಮೇಡಂ" ಎಂದ. ಕೊನೆಗೆ ಲ್ಯಾಬ್ರಡಾರ್ ಎಂದು ತೀರ್ಮಾನಿಸಿದೆ. ಸೌಮ್ಯ ಸ್ವಭಾವ, ಗಮನವೆಲ್ಲ ಊಟದ ಮೇಲೆ, ಮಾತು ಕಮ್ಮಿ.

ಓನರನ್ನು ಕೇಳಿದಾಗ, "ನಾನೇ ಬಂದು ನೋಡ್ತೀನಿ. ಸದ್ದು ಮಾಡ್ದಿದ್ರೆ ಒಪ್ಪಿಗೆ" ಎಂದರು. ಭಾನುವಾರ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬಸವನಗುಡಿಗೆ, ಮರಿಗಳಿದ್ದ ಕಮಲಮ್ಮನವರ ಮನೆಗೆ ಹೊರಟೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತೂ ಬಂತು. ಹಿಂದೆ ನನ್ನನ್ನು ನೋಡಲು ಬಂದವರೆಲ್ಲ "ಒಂದು ಹಾಡು ಹೇಳಮ್ಮ" ಅಂದಿದ್ದರು. ಹೇಳಿದೆ. ಅವರು ಮತ್ತೆ ಬರಲಿಲ್ಲ. ಇಲ್ಲಿ ಹುಡುಗಿ ಹಾಡದಿದ್ದರೆ ಸಾಕು ತಾಯೀ ಎಂದು ಬನಶಂಕರಿಗೆ ಹರಕೆ ಹೊತ್ತೆ.

"ಈ ಮರಿಗಳ ಅಮ್ಮನ ಗಂಟಲು ಕೇಳ್ಬೇಕು ನೀವು, ಮೂರು ಕ್ರಾಸ್ ಆಚೆಗೂ ಕೇಳತ್ತೆ!" ಎಂದು ಕಮಲಮ್ಮ ಹೆಮ್ಮೆಯಿಂದ ಹೇಳಿದಾಗ ಉಪ್ಪಿಟ್ಟು ನನ್ನ ಗಂಟಲಲ್ಲೇ ನಿಂತಿತು. ಅಷ್ಟರಲ್ಲಿ ಒಂದು ಮರಿ ತೂರಾಡುತ್ತಾ ಬಂದು, ಶ್ರೀಕಂಠಯ್ಯನವರ ತೊಡೆ ಹತ್ತಿ, ಆಕಳಿಸಿ, ನಿದ್ದೆಹೋಯಿತು. ಅವರು ಅಲುಗಾಡಲಿಲ್ಲ. ಕಾಫಿ ಆರಿಹೋಯಿತು, ಮುಟ್ಟಲಿಲ್ಲ. ಕೊನೆಗೆ, "ಇದನ್ನ ನಾನೇ ಇಟ್ಕೋತೀನಿ" ಎಂದರು.

"ಹಾಗಾದ್ರೆ ನನಗೆ ಇನ್ನೊಂದು ಮರಿ..." ಎಂದೆ.

"ಒಂದೇ ಮನೇಲಿ ಎರಡು ನಾಯಿ ಇದ್ರೆ ಗಲಾಟೆ ಜಾಸ್ತಿ ಮೇಡಂ."

"ಸಂತೋಷ ಸಾರ್" ಎಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಮರಿ ಕೆಳಗಿನ ಮನೆಯಲ್ಲಿ ಬೆಳೆಯಿತು. ಬೆಳಗಿನಿಂದ ಬೈಗಿನವರೆಗೆ ಬೊಗಳಿತು. "ಚಿಕ್ಕದಲ್ವಾ, ಆಡ್ಕೊಳ್ಲಿ ಬಿಡಿ" ಎನ್ನುತ್ತಿದ್ದರು ಓನರು. ಸಂಜೆ ನಾನು ಗೇಟು ತೆಗೆದೊಡನೆ ಅದು ಓಡಿಬರುತ್ತಿತ್ತು. ನನಗಾಗಿಯೇ ಬಂತೆಂದು ಕೈ ಚಾಚಿದರೆ ಹಲ್ಲು ಕಿರಿದು ಬೊಗಳುತ್ತಿತ್ತು. "ಸುಮ್ನಿರೋ! ಅವ್ರು ಬಾಡಿಗೆಯೋರು" ಎಂದು ಒಳಗಿಂದ ಶ್ರೀಕಂಠಯ್ಯನವರು ನನ್ನ ಪರಿಚಯ ಮಾಡಿಕೊಡುತ್ತಿದ್ದರು. ಕೇಳಿದ್ದೇ ಅದು ಬಾಲ ತಿರುಗಿಸಿ ಹೋಗಿಬಿಡುತ್ತಿತ್ತು. ಆದರೂ ಮರುದಿನ ಕೊನೆಯ ಬೆಲ್ ಹೊಡೆದದ್ದೇ ತಡ, ಮಕ್ಕಳಿಗಿಂತ ಮೊದಲು ನಾನೇ ಮನೆಗೆ ಓಡುತ್ತಿದ್ದೆ, ಅದರ ಕೈಲಿ ಬೊಗಳಿಸಿಕೊಳ್ಳಲು.