ಸಣ್ಣಜ್ಜಿ ಕಂಪನಿಯ ಮಣೆಗಳು

ನಿಮ್ಮ ಸಣ್ಣಜ್ಜಿಯ ಮನೆಯಲ್ಲಿ ಉಪ್ಪಿನ ಡಬ್ಬಿಗೂ ವರ್ಗಾವಣೆಯ ಭಯ ಇದೆ ಅಂದರೆ ನಗಬೇಡಿ ಮಕ್ಕಳೇ! ನಿನ್ನೆ ಒಲೆಯ ಪಕ್ಕದಲ್ಲಿದ್ದದ್ದು ಇವತ್ತು ದೇವರ ಗೂಡಿನ ಕೆಳಗೆ ಇರುತ್ತದೆ. ನಾಳೆ ಎಲ್ಲಿರುತ್ತದೋ ಆ ದೇವರಿಗೂ ಗೊತ್ತಿಲ್ಲ. ಸಣ್ಣಜ್ಜಿ ನನ್ನ ನಾದಿನಿ, ನಿಮ್ಮ ತಾತನಿಗೆ ಒಬ್ಬಳೇ ತಂಗಿ. ಯಾವ ವಸ್ತುವಾದರೂ ನಾಲ್ಕು ದಿನ ಒಂದೇ ಕಡೆ ಇದ್ದರೆ ಅದಕ್ಕೆ ಸೋಮಾರಿತನ ಹಿಡಿಯುತ್ತದೆ ಎಂದು ಅವಳ ವಾದ.

ಒಂದು ಮಧ್ಯಾಹ್ನ ಅವಳ ಗಂಡ ಉಂಡು, ಒಳಕೋಣೆಗೆ ಹೋಗಿ, ಮಂಚ ಇದೆ ಎಂದುಕೊಂಡು ಕೂತರು. ಮಂಚ ಆಗಲೇ ಜಗಲಿ ಸೇರಿತ್ತು. ಪಾಪ, ಅವರು ಕೂತದ್ದು ರಾಗಿ ಅಳೆಯುವ ಕೊಳಗದ ಮೇಲೆ! ಆಮೇಲೆ ದಾರಿಯಲ್ಲಿ ಹೋಗುವವರು, "ಯಾಕಣ್ಣ, ಜಗಲಿ ಮೇಲೆ ಮನಗಿದ್ದೀಯಾ?" ಎಂದು ಕೇಳಿದರೆ, "ಎಡ್ ಆಪೀಸಿಂದ ಬ್ರಾಂಚಿಗೆ ಆಕವ್ಳೆ ಕಣಪ್ಪ" ಎನ್ನುತ್ತಿದ್ದರು.

ಇಂಥವಳ ಕೈಗೆ ಒಂದು ಕಂಪನಿ ಸಿಕ್ಕರೆ?

ಸಿಕ್ಕೇಬಿಟ್ಟಿತು! ಯಳಂದೂರಿನಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಸಂಡಿಗೆ ಮಾಡುತ್ತಿದ್ದ ನಮ್ಮ ಹೆಂಗಸರ ಸಂಘವೇ ಕಂಪನಿಯಾಯಿತು. ಮುಂದೆ ನಿಂತು ಮಾತಾಡುವ ಧೈರ್ಯ ಬೇರೆ ಯಾರಿಗೂ ಇಲ್ಲದ್ದರಿಂದ ಸಣ್ಣಜ್ಜಿಯೇ ಡೈರೆಕ್ಟರು. ತರಬೇತಿ ಕೊಡಲು ಮೈಸೂರಿನಿಂದ ಒಬ್ಬರು ಮೇಡಂ ಬಂದರು. ಕಂಪನಿ ಅಂದಮೇಲೆ ಅದಕ್ಕೊಂದು ರಚನೆ ಇರಬೇಕು ಎಂದು ಬೋರ್ಡಿನ ಮೇಲೆ ಚೌಕಗಳನ್ನು ಬರೆದರು. ತುದಿಯಲ್ಲಿ ಡೈರೆಕ್ಟರು, ಅದರ ಕೆಳಗೆ ಮ್ಯಾನೇಜರು, ಅದರ ಕೆಳಗೆ ಸೂಪರ್‌ವೈಸರು, ತಳದಲ್ಲಿ ನಾವೆಲ್ಲ. ಹುರಿಯುವುದರಲ್ಲಿ ಹೆಸರಾದ ಅಗರದ ಮಾದಮ್ಮ ಎದ್ದು ನಿಂತಳು.

"ಅಲ್ಲ ಮೇಡಮ್ಮೋರೇ, ಅಷ್ಟು ಮೇಲೆ ಕೂತೋಳ್ಗೆ ಒಲೆ ಎಂಗೆ ಎಟುಕ್ತದೆ?"

ಮೇಡಂಗೆ ನಗು ಬಂತು. ಸಣ್ಣಜ್ಜಿಗೆ ಯೋಚನೆ ಬಂತು. ಮೇಡಂ ಬಸ್ಸು ಹತ್ತಿದ್ದೇ ತಡ, ಬೋರ್ಡು ಒರೆಸಿ ಹಾಕಿದಳು. ಎಲ್ಲರೂ ಮನೆಯಿಂದ ಒಂದೊಂದು ಕೂರುವ ಮಣೆ ತರಬೇಕೆಂದು ಅಪ್ಪಣೆಯಾಯಿತು.

"ಬೆಳಗ್ಗೆ ಬಂದಾಗ ನಿಮ್ ಮಣೆ ನಾನ್ ಎಲ್ಲಿ ಇಟ್ಟಿರ್ತೀನೋ ಅದೇ ನಿಮ್ ಕೆಲ್ಸ. ಒಲೆ ಮುಂದಿದ್ರೆ ಬಾಂಡ್ಲಿ ಇಡ್ಕಳಿ, ತಕ್ಕಡಿ ಮುಂದಿದ್ರೆ ತೂಗಿ. ನನ್ ಕೇಳ್ಬ್ಯಾಡಿ, ಮಣೆ ಕೇಳಿ!"

"ನಿನ್ ಮಣೆ ಎಲ್ಲಮ್ಮಿ?" ಎಂದಳು ಮಾದಮ್ಮ.

"ಡೈರೆಕ್ಟ್ರಿಗೆ ಕೂರಕ್ಕೆ ಪುರುಸೊತ್ತೆಲ್ಲದೆ?"

ನಿಜವೇ. ಅವಳು ಕೂತದ್ದನ್ನು ನಾವು ಯಾರೂ ಕಂಡಿರಲಿಲ್ಲ.

ನನ್ನದು ಹಲಸಿನ ಮಣೆ, ಒಂದು ಮೂಲೆಯನ್ನು ಇಲಿ ಕಡಿದಿದೆ. ಮೊದಲ ದಿನ ಅದಕ್ಕೆ ಸಿಕ್ಕಿದ ಜಾಗ ಹಿಂದಿನ ಕೋಣೆ, ಚೀಲಗಳ ಮರೆ. ಕೆಲಸ, ರಾಗಿಯಲ್ಲಿ ಕಲ್ಲು ಆರಿಸುವುದು. ನನಗೆ ಅದೇ ಸ್ವರ್ಗ! ನಾನು ಮೊದಲಿನಿಂದಲೂ ಮಾತಿನವಳಲ್ಲ. ಅಂಗಡಿಗೆ ಹೋದರೆ ನಿಮ್ಮ ತಾತ ಮಾತಾಡುತ್ತಿದ್ದರು, ನಾನು ಚೀಲ ಹಿಡಿಯುತ್ತಿದ್ದೆ. ಅವರು ತೀರಿಕೊಂಡ ಮೇಲಂತೂ "ಉಂಡ್ರಾ?" ಎಂದು ಕೇಳಿದವರಿಗೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಕಲ್ಲಿಗೂ ನನಗೂ ಒಳ್ಳೆಯ ಹೊಂದಾಣಿಕೆ ಇತ್ತು: ಇಬ್ಬರೂ ಮಾತಾಡುವುದಿಲ್ಲ. ನನಗಿದ್ದ ಹೆದರಿಕೆ ಒಂದೇ. ಮುಂಬಾಗಿಲಲ್ಲಿ ಗಿರಾಕಿಗಳ ಜೊತೆ ಮಾತಾಡುವ ಜಾಗ ಒಂದಿತ್ತಲ್ಲ, ನನ್ನ ಮಣೆ ಅಲ್ಲಿಗೆ ಹೋಗದಿದ್ದರೆ ಸಾಕು!

ಸಣ್ಣಜ್ಜಿಯ ಮೊದಲ ದೊಡ್ಡ ಬದಲಾವಣೆಯಲ್ಲಿ ಮಾದಮ್ಮನ ಮಣೆ ತಕ್ಕಡಿಗೆ ಹೋಯಿತು. ತೂಕದಲ್ಲಿ ಒಂದು ಕಾಳು ಹೆಚ್ಚುಕಮ್ಮಿ ಮಾಡದ ಸಿದ್ದಮ್ಮನ ಮಣೆ ಒಲೆಗೆ ಬಂತು. ಏನಾಗಬೇಕೋ ಅದೇ ಆಯಿತು. ಮಾದಮ್ಮ ಬಂದವರಿಗೆಲ್ಲ "ಪಾಪ, ಬಸ್ರಿ ಎಂಗ್ಸು", "ಪಾಪ, ಬಿಸ್ಲಲ್ಲಿ ಬಂದವ್ನೆ" ಎಂದು ಮೇಲೊಂದು ಹಿಡಿ ಸುರಿದಳು. ಸಿದ್ದಮ್ಮ ಹುರಿದ ರಾಗಿ ಇದ್ದಿಲಾಯಿತು. ಅವಳು ಸೆರಗು ಬಾಯಿಗಿಟ್ಟು ಅಳಲು ಕೂತಳು. ಸಣ್ಣಜ್ಜಿ ಬಂದು, ಆ ಕಪ್ಪು ರಾಗಿಯನ್ನು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದಳು.

"ಎಸೀಬ್ಯಾಡಿ ಕಣ್ರಮ್ಮಿ! ಅಲ್ಲುಜ್ಜೋ ಪುಡಿ ಅಂತ ಒಸ ಡಿಪಾರ್ಟ್‌ಮೆಂಟು ತೆಗ್ಯವಾ!"

ಅಳುತ್ತಿದ್ದ ಸಿದ್ದಮ್ಮ ನಕ್ಕುಬಿಟ್ಟಳು. ಮಾರನೆಯ ಬೆಳಿಗ್ಗೆ ಎರಡೂ ಮಣೆಗಳು ಸದ್ದಿಲ್ಲದೆ ಹಳೆಯ ಜಾಗಕ್ಕೆ ಬಂದಿದ್ದವು. ತಪ್ಪಾಯಿತು ಎಂದು ಡೈರೆಕ್ಟರು ಹೇಳುವುದುಂಟೆ? "ಟ್ರೇನಿಂಗ್ ಮುಗೀತು" ಎಂದಳು, ಅಷ್ಟೆ.

ಈ ಗಲಾಟೆಯಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಉಳಿದವರ ಮಣೆಗಳು ಹೋಗುತ್ತಿದ್ದವು, ತಿರುಗಿ ಬರುತ್ತಿದ್ದವು. ನನ್ನದು ಮಾತ್ರ ಹೋಗುತ್ತಲೇ ಇತ್ತು! ಚೀಲಗಳ ಮರೆಯಿಂದ ಕಿಟಕಿಯ ಪಕ್ಕಕ್ಕೆ, ಕಿಟಕಿಯಿಂದ ನಡುಮನೆಯ ಹೊಸಲಿಗೆ. ಸಂಜೆ ಹೋಗುವಾಗ ನಾನು ಅದನ್ನು ಗೇಣಷ್ಟು ಹಿಂದಕ್ಕೆ ತಳ್ಳುತ್ತಿದ್ದೆ. ಬೆಳಿಗ್ಗೆ ನೋಡಿದರೆ ಮೊಳದಷ್ಟು ಮುಂದೆ!

"ಯಾಕಮ್ಮಿ ನನ್ ಮಣೆ ಎಳೀತೀಯ?" ಎಂದೆ ಮೆಲ್ಲಗೆ.

"ಅಲ್ಲಿ ಚೀಲ ಇಡ್ಬೇಕು ಕಣತ್ಗೆ. ನಿನ್ ಮಣೆ ಯಾರ್ಗೆ ಬೇಕು!"

ಒಂದು ಬೆಳಿಗ್ಗೆ ಬಂದು ನೋಡುತ್ತೇನೆ, ಮಣೆ ಮುಂಬಾಗಿಲಲ್ಲಿದೆ! ಸುತ್ತ ನೋಡಿದೆ. ಸಣ್ಣಜ್ಜಿ ಎಲ್ಲೂ ಕಾಣಲಿಲ್ಲ. "ರಾಗಿ ನೋಡಕ್ಕೆ ರಾಮಾಪುರಕ್ಕೋದ್ಲು" ಎಂದಳು ಮಾದಮ್ಮ, ನನ್ನ ಮುಖ ನೋಡದೆ. ಮಣೆ ಎತ್ತಿಕೊಳ್ಳಲು ಬಗ್ಗಿದೆ. ಅಷ್ಟರಲ್ಲಿ ಕೊಳ್ಳೇಗಾಲದ ಅಂಗಡಿಯವನೊಬ್ಬ ಬಾಗಿಲಿಗೆ ಬಂದು ನಿಂತ.

"ಡೈರೆಕ್ಟ್ರೆಲ್ಲವ್ವ?"

ನಾನು ರಾಮಾಪುರದ ದಿಕ್ಕಿಗೆ ಕೈ ತೋರಿಸಿದೆ.

"ಮಾಲು ಎಂಗದೆ?"

ಹಿಟ್ಟಿನ ಡಬ್ಬಿ ಮುಂದಕ್ಕೆ ತಳ್ಳಿದೆ. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿಯುತ್ತಾ, "ಕಲ್ಲು ಗಿಲ್ಲು ಸಿಕ್ಕುದ್ರೆ?" ಎಂದ.

ಅದೊಂದು ಮಾತು ಅವನು ಆಡಬಾರದಿತ್ತು!

"ಕಲ್ಲಾ? ಆರ್ಸಿರೋಳು ನಾನು ಕಣಪ್ಪ! ಒಂದು ಕಲ್ಲು ಸಿಕ್ಕುದ್ರೂ ತಕಂಡ್ ಬಾ, ನಿನ್ ಮುಂದೇ ನಾನೇ ನುಂಗ್ತೀನಿ!"

ಒಳಗೆ ಮಾದಮ್ಮನ ಸೌಟು ನಿಂತಿತು. ಆ ಹೊತ್ತಿಗೆ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ರಸ್ತೆಯಲ್ಲಿ ಹೋಗುತ್ತಿತ್ತಂತೆ. ಅದರ ಸದ್ದಿಗಿಂತ ನನ್ನ ದನಿಯೇ ಜೋರಾಗಿತ್ತೆಂದು ಸಿದ್ದಮ್ಮ ಇವತ್ತಿಗೂ ಹೇಳುತ್ತಾಳೆ. ಅಂಗಡಿಯವನು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ನಕ್ಕ. "ಕಲ್ ನುಂಗೋದು ಬ್ಯಾಡ ಕಣವ್ವ. ಒಂದು ಮೂಟೆ ಕಟ್ಸು" ಎಂದ.

ಅವನು ಹೋದ ಮೇಲೆ ನನಗೆ ಸಣ್ಣಜ್ಜಿಯ ಮೇಲೆ ಸಿಟ್ಟು ಬಂತು. ಮಣೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಕೋಣೆಗೆ ನಡೆದೆ. ಚೀಲಗಳ ಮರೆಯಲ್ಲಿ, ನನ್ನ ಹಳೆಯ ಮೂಲೆಯಲ್ಲಿ, ಬರಿ ನೆಲದ ಮೇಲೆ ಸಣ್ಣಜ್ಜಿ ಕೂತಿದ್ದಳು! ತೊಡೆಯ ಮೇಲೆ ನನ್ನ ಮೊರ. ಬೈಯಲು ಬಾಯಿ ತೆರೆದೆ. ನೋಡಿದರೆ ಅವಳ ಕಣ್ಣು ಒದ್ದೆಯಾಗಿತ್ತು.

"ನೀನ್ ಕೂಗಿದ್ನ ಅಣ್ಣ ಕೇಳಿದ್ರೆ ನಕ್ಕು ನಕ್ಕು ಸಾಯೋನು ಕಣತ್ಗೆ" ಎಂದಳು. ಸ್ವಲ್ಪ ಹೊತ್ತು ರಾಗಿಯನ್ನೇ ಕೆದಕಿದಳು. "ಅವ್ನು ಓಗ್ಬುಟ್ಮೇಲೆ ನಂಗೆ ಯಾವ್ ಜಾಗದಲ್ಲೂ ಕೂರಕ್ಕಾಯ್ತಿಲ್ಲ. ಈ ಮೂಲೆ ವಸಿ ನಂಗೂ ಬುಟ್ಕೊಡು."

ಉಪ್ಪಿನ ಡಬ್ಬಿ ತಿರುಗಾಡಲು ಶುರುಮಾಡಿದ್ದು ನಿಮ್ಮ ತಾತ ತೀರಿಕೊಂಡ ವರ್ಷವೇ ಎಂದು ನನಗೆ ಆಗ ಹೊಳೆಯಿತು.

"ಏಳಮ್ಮಿ, ನೆಲ ತಣ್ಣಗದೆ" ಎಂದು ಮಣೆಯನ್ನು ಅವಳ ಪಕ್ಕಕ್ಕೆ ಸರಿಸಿದೆ.

"ಡೈರೆಕ್ಟ್ರಿಗೆ ಮಣೆ ಆಕ್ತೀಯಾ? ಯಾರ್ ಆರ್ಡ್ರು?"

"ನಂದೇ."

ಮೂಗು ಒರೆಸಿಕೊಂಡು ಅವಳು ಮಣೆಗೆ ಬಂದಳು. ಬಂದವಳು ಒಂದು ಬದಿಗೆ ಸರಿದು ನನಗೂ ಜಾಗ ಮಾಡಿದಳು. ಒಂದು ಮಣೆಯಲ್ಲಿ ಇಬ್ಬರು ಮುದುಕಿಯರು ಹಿಡಿಯುತ್ತಾರೆಯೇ? ಅರ್ಧ ಮಣೆ, ಅರ್ಧ ನೆಲ ಎಂದು ಇಬ್ಬರೂ ಕೂತು, ಒಂದೇ ಮೊರಕ್ಕೆ ಕೈ ಹಾಕಿದೆವು.

"ಮುಂದ್ಲ ಬಾಗ್ಲಲ್ಲಿ ಯಾರಿದ್ದೀರಮ್ಮಿ? ಗಿರಾಕಿ ಬಂದವ್ರೆ!" ಎಂದು ಮಾದಮ್ಮ ಕೂಗಿದಳು.

"ವಸಿ ಇರಕ್ಕೇಳು, ಬಂದೆ!" ಎಂದು ನಾನೇ ಕೂಗಿದೆ.