ಒಬ್ಬಳಿಗೆ ಒಂದು ಮೂಟೆ ಕರಿ

ಚಳಿ ಊರಿನಲ್ಲಿ ಒಂಟಿ ಹೆಂಗಸು ಇದ್ದಿಲು ಉಳಿಸಲು ಹೊರಟರೆ ನಗೆಪಾಟಲಾಗುವುದು ತಪ್ಪಿದ್ದಲ್ಲ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಕಡೆಯಿಂದ ಊಟಿಯ ಶಾಲೆಯೊಂದಕ್ಕೆ ಲೆಕ್ಕದ ಟೀಚರಾಗಿ ಹೋದೆ. ಬಾಡಿಗೆಗೆ ಒಂದು ಕೋಣೆ, ಕಾಯಿಸಿಕೊಳ್ಳಲು ಒಂದು ತಗಡಿನ ಅಗ್ಗಿಷ್ಟಿಕೆ. ಸಂಜೆ ಶಾಲೆ ಬಿಟ್ಟರೆ ಮಾರನೆಯ ಬೆಳಗಿನ ಪ್ರಾರ್ಥನೆಯವರೆಗೆ ಬಾಯಿಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಬಲಿತ ಕರಿ

ತಮಿಳಿನಲ್ಲಿ ಇದ್ದಿಲಿಗೆ ಕರಿ ಎನ್ನುತ್ತಾರೆ. ಮಾಂಸಕ್ಕೂ ಕರಿಯೇ, ಆದರೆ ಅದರ 'ರ' ಸ್ವಲ್ಪ ಗಡುಸು. ನಮ್ಮ ಕನ್ನಡದ ನಾಲಿಗೆಗೆ ಎರಡೂ ಒಂದೇ.

ಮೊದಲ ವಾರ ಮನೆ ಓನರ್ ಮಾರ್ಕೆಟ್ಟಿಗೆ ಹೊರಟಿದ್ದರು. ಹೊಸದಾಗಿ ಕಲಿತ ತಮಿಳಿನಲ್ಲಿ, "ಎರಡು ಕಿಲೋ ಕರಿ ತನ್ನಿ ಸಾರ್" ಎಂದೆ.

"ಎಳೆಯದಾ, ಬಲಿತದ್ದಾ?"

ಎಳೆ ಮರದ ಇದ್ದಿಲು ಬೇಗ ಬೂದಿಯಾಗುತ್ತದೆಂದು ಕೇಳಿದ್ದೆ. "ಚೆನ್ನಾಗಿ ಬಲಿತದ್ದೇ ಇರಲಿ."

"ಒಬ್ಬರಿಗೇ ಎರಡು ಕಿಲೋನಾ?"

"ಒಬ್ಬಳೇ ಇರೋದಕ್ಕೇ ಜಾಸ್ತಿ ಬೇಕು ಸಾರ್."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೋದರು. ತಂದದ್ದು ಮುದಿ ಕುರಿಯ ಮಾಂಸ! ಹುಟ್ಟಾ ಸಸ್ಯಾಹಾರಿಯಾದ ನಾನು ಪೊಟ್ಟಣ ಬಿಚ್ಚಿ ಕಿರುಚಿಕೊಂಡೆ. ಮಾಂಸ ಅವರ ಅಡುಗೆಮನೆಗೆ ಹೋಯಿತು, ಹೆಸರು ಮಾತ್ರ ನನಗೆ ಉಳಿಯಿತು. ಇಡೀ ಬೀದಿಗೆ ನಾನು 'ಎರಡು ಕಿಲೋ ಟೀಚರ್' ಆದೆ.

ಬೂದಿಯ ಕಾವು

ಆಮೇಲೆ ನಾನೇ ಹೋಗಿ, ಬೆರಳು ಮಾಡಿ ತೋರಿಸಿ, ಒಂದು ಮೂಟೆ ಇದ್ದಿಲು ತಂದೆ. ಅದು ಶಿವರಾತ್ರಿಯವರೆಗೆ ಬರಬೇಕಿತ್ತು.

ಗೋಡೆಯಾಚೆ ಇತ್ತಲಾರು ಹಳ್ಳಿಯ, ಬಡಗ ಜನಾಂಗದ ಅಕ್ಕ ಒಬ್ಬರೇ ಇದ್ದರು. ಆಸ್ಪತ್ರೆಯಲ್ಲಿ ಆಯಾ, ಮಾತು ಕಮ್ಮಿ. ನೀರು ಹಿಡಿಯುವಾಗ, "ಕಿಚ್ಚ ಬೂದಿಲಿ ಮುಚ್ಚು ಟೀಚರ್, ತುಂಬ ಹೊತ್ತು ಇರುತ್ತೆ" ಎಂದರು.

ಬೂದಿ ಹೆಚ್ಚಾದಷ್ಟೂ ಉಳಿತಾಯ ಹೆಚ್ಚು ಎಂದು ಲೆಕ್ಕ ಹಾಕಿ ಅರ್ಧ ಮೊರ ಬೂದಿ ಸುರಿದೆ. ಭಾನುವಾರ ಮಧ್ಯಾಹ್ನ ಅದರ ಪಕ್ಕ ಕೂತು ಪೇಪರ್ ತಿದ್ದಿದೆ. ಎಷ್ಟು ಹಿತವಾಗಿತ್ತೆಂದರೆ ಶಾಲು ಕೂಡ ತೆಗೆದಿಟ್ಟೆ. ಅಷ್ಟರಲ್ಲಿ ಓನರ್ ಮನೆಯ ಬೆಕ್ಕು ಬಂದು ನೇರ ಅಗ್ಗಿಷ್ಟಿಕೆಯೊಳಗೆ ಇಳಿದು ಮುದುಡಿ ಮಲಗಿತು.

"ಅಯ್ಯೋ, ಸುಡುತ್ತೆ!" ಎಂದು ಕೂಗಿದೆ. ಬೆಕ್ಕು ಒಂದು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿತು. ಬೂದಿಗೆ ಕೈ ಹಾಕಿದೆ. ಕೆಂಡ ಆರಿ ಎಷ್ಟು ಹೊತ್ತಾಗಿತ್ತೋ! ಬೆಕ್ಕನ್ನು ಮಾತ್ರ ಎಬ್ಬಿಸಲಿಲ್ಲ. ಕೋಣೆಯಲ್ಲಿ ಬಿಸಿಯಾಗಿದ್ದುದು ಅದೊಂದೇ.

ಟಕ್ ಟಕ್

ಕಿಟಕಿಯ ವಿಷಯದಲ್ಲಿ ಅಕ್ಕ ಬಲು ಕಟ್ಟುನಿಟ್ಟು. "ಕರಿ ಹಚ್ಚಿ ಕಿಟಕಿ ಮುಚ್ಚಿ ಮಲಗಿದ್ರೆ ಬೆಳಿಗ್ಗೆ ಏಳೋದಿಲ್ಲ. ಆಸ್ಪತ್ರೇಲಿ ನೋಡಿದೀನಿ." ತೆರೆದರೆ ನನ್ನ ಕಾವೆಲ್ಲ ದೊಡ್ಡಬೆಟ್ಟದ ಪಾಲು. ಈ ಜಿಪುಣಿ ಮುಚ್ಚಿಯೇ ಮುಚ್ಚುತ್ತಾಳೆಂದು ಅವರಿಗೆ ಅನುಮಾನ. ಅದಕ್ಕೇ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸೌಟಿನಿಂದ ಗೋಡೆಗೆ ಟಕ್ ಟಕ್ ಎನ್ನಿಸುವರು. ಬದುಕಿದ್ದರೆ ನಾನೂ ಟಕ್ ಟಕ್ ಎನ್ನಿಸಬೇಕು. ನನ್ನನ್ನು ವಿಚಾರಿಸುವ ಸದ್ದು ದಿನಕ್ಕೆ ಅದೊಂದೇ ಆಗಿತ್ತು, ನಾನು ಅದಕ್ಕಾಗಿ ಕಾಯುತ್ತಿದ್ದೆ.

ಸಂಕ್ರಾಂತಿ ಬಂತು. ಎಳ್ಳುಬೆಲ್ಲ ಬೆರೆಸಿ ತಟ್ಟೆ ತುಂಬ ಇಟ್ಟುಕೊಂಡು ಕೂತೆ. ಬೀರಲು ಒಂದು ಮನೆಯೂ ಗೊತ್ತಿಲ್ಲ, ಅಳು ಬರುವ ಹಾಗಿತ್ತು. ಆಗಲೇ ಟಕ್ ಟಕ್ ಕೇಳಿಸಿತು.

ಉತ್ತರ ಕೊಟ್ಟರೆ ಅಕ್ಕ ಹೊರಟೇ ಹೋಗುತ್ತಾರೆ. ಸುಮ್ಮನಿದ್ದರೆ ನೋಡಲು ಬರುತ್ತಾರಲ್ಲ! ಸುಮ್ಮನೆ ಕೂತೆ.

ಟಕ್ ಟಕ್ ಟಕ್ ಟಕ್. ಆಮೇಲೆ "ಟೀಚರ್!" ಎಂಬ ಕೂಗು. ನಾನೆದ್ದು ಚಿಲಕ ತೆಗೆಯುವಷ್ಟರಲ್ಲಿ ಹಾರೆಯ ಏಟಿಗೆ ಬಾಗಿಲ ಹಲಗೆ ಸೀಳಿತು. ಹಿಂದೆ ಓನರ್, ಮುಂದೆ ಹಾರೆ ಹಿಡಿದ ಅಕ್ಕ, ಎದುರಿಗೆ ಎಳ್ಳುಬೆಲ್ಲದ ತಟ್ಟೆ ಹಿಡಿದು ರೇಷ್ಮೆ ಸೀರೆಯಲ್ಲಿ ನಾನು.

"ಯಾಕೆ ತಟ್ಟಲಿಲ್ಲ?" ಅಕ್ಕ ಹಾರೆ ಇಳಿಸದೆಯೇ ಕೇಳಿದರು.

"ತಟ್ಟಿದ್ರೆ ನೀವು ಒಳಗೆ ಬರ್ತಿರಲಿಲ್ಲ ಅಕ್ಕಾ" ಎಂದು ತಟ್ಟೆ ಚಾಚಿದೆ. "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ."

ಅಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿಯುತ್ತಲೇ ಬಡಗ ಮಾತಿನಲ್ಲಿ ಬೈಯತೊಡಗಿದರು. ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವನ್ನು ಬರೆಯುವಂತಿಲ್ಲ.

"ಈ ಬಾಗಿಲನ್ನ ಯಾರು ರಿಪೇರಿ ಮಾಡಿಸೋದು?" ಎಂದು ಓನರ್ ಕೇಳಿದರು.

ಅಕ್ಕ ಹಾರೆ ಗೋಡೆಗೆ ಒರಗಿಸಿ, ಅಗ್ಗಿಷ್ಟಿಕೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು.

"ರಿಪೇರಿ ಯಾಕೆ? ಸೀಳಿ ತನ್ನಿ. ಇಬ್ಬರಿಗೆ ಒಂದು ವಾರ ಬರುತ್ತೆ."