ಸೆಂಟರ್ ಪ್ಲೇಯರ್ ಮತ್ತು ನೂರಿಪ್ಪತ್ತು ಹೋಳಿಗೆ

ಮನುಷ್ಯರನ್ನು ನೋಡಿದ ಕೂಡಲೇ ಅಳೆದುಬಿಡುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ. ಬೇರೆ ಯಾರೂ ಹೇಳದ ಕಾರಣ ಇದನ್ನು ನಾನೇ ಹೇಳಬೇಕಾಗಿದೆ.

ಹಾಗಾಗಿ ಜರ್ಮನಿಯ ಬೊಬ್ಲಿಂಗೆನ್‌ನ ನಮ್ಮ ಕನ್ನಡ ಬಳಗ ಯುಗಾದಿಗೆ ಬಾಸ್ಕೆಟ್‌ಬಾಲ್ ಪಂದ್ಯ ಇಟ್ಟಾಗ ಒಂದು ತಂಡದ ಮಾಲೀಕತ್ವಕ್ಕೆ ನಾನೇ ಕೈ ಎತ್ತಿದೆ. ನಮ್ಮವರಿಗೆ ಬೇಕಾಗಿದ್ದುದು ಕ್ರಿಕೆಟ್. ಆದರೆ ಸಿಕ್ಕಿದ್ದು ಒಂದು ಶಾಲೆಯ ಟುರ್ನ್‌ಹಾಲೆ ಎಂಬ ವ್ಯಾಯಾಮದ ಹಾಲ್, ಅಲ್ಲಿ ಇದ್ದದ್ದು ಎರಡು ಬಾಸ್ಕೆಟ್ ಕಂಬ! ಇನ್ನೊಂದು ತಂಡ ಹುಬ್ಬಳ್ಳಿಯ ಇರ್ಫಾನ್ ಭಾಯ್ ಅವರದು. ಕೇರಂನಲ್ಲಿ, ಅಂತ್ಯಾಕ್ಷರಿಯಲ್ಲಿ, ಕೊನೆಗೆ ಚಮಚ-ನಿಂಬೆಹಣ್ಣಿನ ಓಟದಲ್ಲೂ ನನ್ನನ್ನು ಸೋಲಿಸಿದ ಮಹಾನುಭಾವರು. ಒಂದೇ ಒಂದು ಸಲ ಅವರನ್ನು ಸೋಲಿಸಬೇಕೆಂಬುದು ನನ್ನ ಜೀವನದ ಆಸೆ.

ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ದುಡ್ಡಿನ ಬದಲು ಹೋಳಿಗೆ! ಮಾಲೀಕ ಎಷ್ಟು ಹೋಳಿಗೆ ಕೂಗುತ್ತಾನೋ ಅಷ್ಟನ್ನೂ ಯುಗಾದಿ ಊಟಕ್ಕೆ ಅವನ ಮನೆಯಿಂದಲೇ ತರಬೇಕು.

ಆಟಗಾರರ ಪಟ್ಟಿ 'ಬಿ.ಬಿ. ಪಂದ್ಯ' ಎಂಬ ತಲೆಬರಹದೊಂದಿಗೆ ಬಳಗದ ವಾಟ್ಸಾಪ್ ಗ್ರೂಪಿಗೆ ಬಂತು. ಹೆಸರುಗಳ ಮುಂದೆ 'ಸುಮಾರಾಗಿ ಆಡುತ್ತೇನೆ', 'ಮಂಡಿ ನೋವು', 'ಊಟಕ್ಕೆ ಮಾತ್ರ' ಎಂದೆಲ್ಲ ಇತ್ತು. ಒಂದು ಸಾಲು ಮಾತ್ರ ಹೊಳೆಯುತ್ತಿತ್ತು: 'ಚೇತನ್, ಮೈಸೂರು, ಬಿ.ಬಿ., ಸ್ಟೇಟ್.' ಎರಡು ವಾರದ ಹಿಂದಷ್ಟೇ ಕೆಲಸಕ್ಕೆ ಬಂದಿಳಿದಿದ್ದ ಹುಡುಗ. ಎತ್ತರ ಆರಡಿ ಮೂರಿಂಚು. ಬಿ.ಬಿ. ಅಂದರೆ ಬಾಸ್ಕೆಟ್‌ಬಾಲ್, ಸ್ಟೇಟ್ ಅಂದರೆ ರಾಜ್ಯಮಟ್ಟ. ಇದಕ್ಕೇನು ನಿಘಂಟು ಬೇಕೇ?

ಆದರೂ ನಾನು ದುಡುಕುವವನಲ್ಲ. ಫೋನಿನಲ್ಲಿ ವಿಧ್ಯುಕ್ತ ಸಂದರ್ಶನ ನಡೆಸಿದೆ.

"ಟೀಮಲ್ಲಿ ಎಷ್ಟು ಜನ ಇರ್ತಿದ್ರಪ್ಪಾ?"

"ಐದು ಜನ, ಸರ್."

"ನಿನ್ನ ಪೊಸಿಷನ್?"

"ಸೆಂಟರ್, ಸರ್. ಸ್ಮ್ಯಾಶ್ ಚೆನ್ನಾಗಿ ಹೊಡೀತೀನಿ."

ನೆಗೆದು ಚೆಂಡನ್ನು ಬಾಸ್ಕೆಟ್ಟಿಗೆ ತುರುಕುವ ಡಂಕಿಗೆ ಮೈಸೂರಿನಲ್ಲಿ ಸ್ಮ್ಯಾಶ್ ಅನ್ನುತ್ತಾರೆ ಎಂದು ನಾನೇ ಅರ್ಥ ಮಾಡಿಕೊಂಡೆ.

"ಒಂದ್ಸಲ ಆಡಿಸಿ ನೋಡ್ರೀ," ಎಂದಳು ನನ್ನ ಹೆಂಡತಿ ಸವಿತಾ. "ನಾನೂ ಕಾಲೇಜಲ್ಲಿ ಆಡ್ತಿದ್ದೆ. ನನ್ನನ್ನೂ ಟೀಮಿಗೆ ಸೇರಿಸ್ಕೊಳ್ಳಿ."

"ನೀನು ಸ್ಕೋರ್ ಬರ್ಕೋ," ಎಂದೆ, ದೊಡ್ಡ ಮನಸ್ಸು ಮಾಡಿ.

ಹರಾಜಿನ ದಿನ ಉಳಿದವರೆಲ್ಲ ಮೂರು, ನಾಲ್ಕು ಹೋಳಿಗೆಗೆ ಬಿಕರಿಯಾದರು. ಚೇತನ್ ಹೆಸರು ಬಂದದ್ದೇ ತಡ, ನಾನು ಇಪ್ಪತ್ತು ಎಂದೆ. ಇರ್ಫಾನ್ ಭಾಯ್ ಐವತ್ತು ಎಂದರು. ನಾನು ಎಂಬತ್ತು!

"ನೂರಾ ಹತ್ತು ಹೋಳಗಿ!" ಎಂದರು ಇರ್ಫಾನ್ ಭಾಯ್, ಮೀಸೆಯಡಿ ನಗುತ್ತ.

"ನೂರಿಪ್ಪತ್ತು!" ಎಂದು ಎದ್ದು ನಿಂತೇಬಿಟ್ಟೆ.

"ತಗೋರಿ ಮೂರ್ತಿ ಸಾಹೇಬ್ರ, ಹುಡುಗ ನಿಮ್ಮಾಂವ ಆದ," ಎಂದು ಅವರು ತಟಕ್ಕನೆ ಕೂತರು. ಆಮೇಲೆ ಹಿಂದೆ ತಿರುಗಿ, "ಸವಿತಾ ಅಕ್ಕಾರ, ನಮಗ ಒಬ್ಬರು ಕಮ್ಮಿ ಅದಾರ. ಐದು ಹೋಳಗಿಗೆ ಬರ್ತೀರೇನು?" ಎಂದರು.

"ಮೂರು ಸಾಕು ಭಾಯ್," ಎಂದಳು ನನ್ನ ಧರ್ಮಪತ್ನಿ.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ನೂರಿಪ್ಪತ್ತು ಹೋಳಿಗೆ ಯಾರು ಮಾಡ್ತಾರೆ?"

"ನಾವು."

"ನಾನು ಆ ಟೀಮು. ನನ್ನ ಹತ್ರ ನಿಮ್ಮ ಬೇಳೆ ಬೇಯಲ್ಲ. ನೀವೇ ಬೇಯಿಸ್ಕೊಳ್ಳಿ."

ಬೇಯಿಸುತ್ತೇನೆ, ಮೊದಲು ಗೆಲ್ಲುತ್ತೇನೆ ಎಂದುಕೊಂಡೆ.

ಪಂದ್ಯದ ದಿನ ಚೇತನ್ ಉದ್ದನೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಹಾಲ್ ಪೂರ್ತಿ ಕಣ್ಣಾಡಿಸಿ, "ಸರ್, ನೆಟ್ ಎಲ್ಲಿ?" ಎಂದ.

"ಅಗೋ, ಮೇಲೆ," ಎಂದು ಬಾಸ್ಕೆಟ್ ತೋರಿಸಿದೆ.

ಹುಡುಗ ಬಹಳ ಹೊತ್ತು ಮೇಲೆ ನೋಡಿದ. "ಅಷ್ಟು ಎತ್ತರಕ್ಕೆ ಕಟ್ಟಿದ್ದಾರಾ ಸರ್? ಅಷ್ಟು ಚಿಕ್ಕದು?"

ಆಮೇಲೆ ಚೀಲದ ಜಿಪ್ ಎಳೆದ. ಒಂದು ರಾಕೆಟ್ ಹೊರಬಂತು. ಅದರ ಹಿಂದೆ ಹಳದಿ ಉಣ್ಣೆಯ ಪುಟ್ಟ ಚೆಂಡು ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು.

ಬಿ.ಬಿ. ಎಂದರೆ ಬಾಲ್ ಬ್ಯಾಡ್ಮಿಂಟನ್! ಅದರಲ್ಲೂ ತಂಡಕ್ಕೆ ಐದೇ ಜನ. ಅದರಲ್ಲೂ ನಡುವೆ ನಿಲ್ಲುವವನು ಸೆಂಟರ್. ಪಾಪ, ಹುಡುಗ ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ನನಗೆ ಅಲ್ಲೇ ಕೂತು ಅಳಬೇಕೆನಿಸಿತು, ಆದರೆ ಸೀಟಿ ಊದಿಬಿಟ್ಟಿದ್ದರು.

ಚೇತನ್ ಕೈಲಾದದ್ದನ್ನು ಮಾಡಿದ. ಚೆಂಡು ಬಂದಾಗಲೆಲ್ಲ ಅಭ್ಯಾಸಬಲದಿಂದ ನೆಗೆದು ಅಂಗೈಯಲ್ಲಿ ಸ್ಮ್ಯಾಶ್ ಹೊಡೆದ. ಮೊದಲನೆಯದು ಶಾಲೆಯ ಉಸ್ತುವಾರಿ ನೋಡುವ ಹೌಸ್‌ಮೈಸ್ಟರ್ ಅವರ ಕಾಫಿ ಲೋಟಕ್ಕೆ, ಎರಡನೆಯದು ನನ್ನ ಮೂಗಿಗೆ. ಗುರಿ ಮಾತ್ರ ರಾಜ್ಯಮಟ್ಟದ್ದೇ!

ಅತ್ತ ಸವಿತಾ ಜಡೆ ಎತ್ತಿ ಕಟ್ಟಿ ಚೆಂಡು ಪುಟಿಸುತ್ತ ಬಂದಳು. ನಾನು ಎರಡೂ ಕೈ ಚಾಚಿ ಅಡ್ಡ ನಿಂತೆ. "ಸ್ವಲ್ಪ ಪಕ್ಕಕ್ಕೆ ಬನ್ನಿ," ಎಂದಳು. ಫ್ರಿಜ್ ಮುಂದೆ ನಿಂತಾಗ ಹೇಳುವ ಅದೇ ದನಿ. ನಾನು ಪಕ್ಕಕ್ಕೆ ಹೋದೆ! ಚೆಂಡು ಬಾಸ್ಕೆಟ್‌ನೊಳಗೆ ಹೋಯಿತು. ಹೋಗುತ್ತಲೇ ಇತ್ತು. ಕೊನೆಗೆ ಅವರದು ನಲವತ್ತು, ನಮ್ಮದು ಆರು. ಆ ಆರರಲ್ಲಿ ಎರಡು ಇರ್ಫಾನ್ ಭಾಯ್ ದಿಕ್ಕು ತಪ್ಪಿ ಹಾಕಿದ್ದು.

"ನೀನು ಇಷ್ಟು ಆಡ್ತೀಯ ಅಂತ ಹೇಳಲೇ ಇಲ್ಲವಲ್ಲೇ!" ಎಂದೆ, ಮೂಗಿಗೆ ಐಸ್ ಹಿಡಿದು.

"ಮದುವೆಗೆ ಮುಂಚೆ ಕೊಟ್ಟ ಬಯೋಡೇಟಾದಲ್ಲೇ ಇತ್ತಲ್ರೀ. ಬಿ.ಎಸ್ಸಿ., ಬಿ.ಬಿ. ಅಂತ."

ಟೈಪ್ ಮಾಡಿದವನು 'ಎಂ' ಬಿಟ್ಟಿದ್ದಾನೆ, ಅದು ಬಿ.ಬಿ.ಎಂ. ಇರಬೇಕು ಎಂದು ನಂಬಿ, ಹದಿನಾಲ್ಕು ವರ್ಷಗಳಿಂದ ನನ್ನ ಹೆಂಡತಿಗೆ ಎರಡು ಡಿಗ್ರಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಮುಂದಿನ ವಾರ, ಯುಗಾದಿ ಊಟದ ಹಿಂದಿನ ದಿನ, ಬೆಳಗ್ಗೆಯೇ ಬೇಳೆ ತೊಳೆಯಲು ನಿಂತೆ. ತಪ್ಪು ತನ್ನದೆಂದು ಚೇತನ್ ಕೂಡ ಓಡಿ ಬಂದ. ಅವನ ಅಂಗೈ ಹೋಳಿಗೆ ತಟ್ಟುವುದಕ್ಕೆ ಚೆನ್ನಾಗಿ ಒದಗಿತು. ಒಂದೆರಡು ಮಾತ್ರ ಸ್ಮ್ಯಾಶ್ ಆಗಿ ಗೋಡೆಗೆ ಅಂಟಿದವು. ಹೂರಣ ಹೊರಬಿದ್ದವನ್ನು ಮಡಚಿ, ಹರಿದವನ್ನು ಡಬ್ಬದ ತಳಕ್ಕೆ ಹಾಕಿ, ಸಂಜೆ ಹೊತ್ತಿಗೆ ನೂರಿಪ್ಪತ್ತನ್ನೂ ಮುಗಿಸಿದೆವು.

ಡಬ್ಬದ ಮೇಲೆ ತಂದವರ ಹೆಸರಿರಬೇಕು. ಸವಿತಾ ಪೆನ್ನು ತೆಗೆದುಕೊಂಡು ದೊಡ್ಡದಾಗಿ ಬರೆದಳು: 'ಮೂರ್ತಿ, ಬಿ.ಬಿ.'

ನನ್ನ ಎದೆ ಉಬ್ಬಿತು. "ಬಾಸ್ಕೆಟ್‌ಬಾಲಾ?" ಎಂದೆ.

"ಬಾಲ್ ಬ್ಯಾಡ್ಮಿಂಟನ್ನಾ ಮೇಡಂ?" ಎಂದ ಚೇತನ್, ಆಸೆಯಿಂದ.

"ಬೇಳೆ ಬೇಯಿಸೋರು," ಎಂದಳು.

ಹಾಗಿದ್ದರೆ ಪಕ್ಕದಲ್ಲಿ 'ಸ್ಟೇಟ್' ಅಂತಲೂ ಸೇರಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡಳು. ಬೇಳೆ ಬೆಂದಿರಲಿಲ್ಲ.